ಪದವಿ ಪತ್ರದ ಮೇಲೆ ಯಾರ ಹೆಸರು? ತುಮಕೂರಿನ ಒಂದು ಪ್ರಕರಣ

ಈ ಪ್ರಕರಣ ಶುರುವಾದದ್ದು ಒಂದು ರಸೀದಿಯಿಂದ.

2023ರ ಜೂನ್ ಕೊನೆ. ಸಿಇಟಿ ರ‍್ಯಾಂಕ್ ಬಂದು ಹತ್ತು ಹನ್ನೆರಡು ದಿನ ಆಗಿತ್ತು. ನಾನು ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಆ ದಿನಗಳಲ್ಲಿ ನಮ್ಮ ಸ್ಟಾಫ್ ರೂಮಿಗೆ ಪಾಸಾದ ಮಕ್ಕಳು, ಅವರ ಅಪ್ಪ ಅಮ್ಮಂದಿರು ಬರುತ್ತಲೇ ಇರುತ್ತಾರೆ. ಅವತ್ತು ಬಂದವರು ಗುಬ್ಬಿ ತಾಲ್ಲೂಕಿನ ಒಬ್ಬ ರೈತರು. ಎರಡು ಎಕರೆ ತೆಂಗು, ಸ್ವಲ್ಪ ಅಡಿಕೆ. ಜೊತೆಯಲ್ಲಿ ಮಗ. ಅವನು ನನ್ನ ವಿದ್ಯಾರ್ಥಿ. ಲ್ಯಾಬಿನಲ್ಲಿ ಚುರುಕು, ಪರೀಕ್ಷೆಯಲ್ಲಿ ಸಾಧಾರಣ. ಸಿಇಟಿ ರ‍್ಯಾಂಕ್ ಅರವತ್ತು ಸಾವಿರ ದಾಟಿತ್ತು. ಅವನಿಗೆ ಬೇಕಾಗಿದ್ದದ್ದು ಕಂಪ್ಯೂಟರ್ ಸೈನ್ಸ್.

"ಸೀಟ್ ಸಿಕ್ತು ಮೇಷ್ಟ್ರೇ" ಅಂತ ಸ್ವೀಟ್ ಬಾಕ್ಸ್ ಟೇಬಲ್ ಮೇಲೆ ಇಟ್ಟರು. "ಕಾಲೇಜಲ್ಲ, ಯೂನಿವರ್ಸಿಟಿನೇ."

ಯಾವ ಯೂನಿವರ್ಸಿಟಿ ಎಂದು ಕೇಳಿದೆ. ಅವರು ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನಾಲ್ಕು ಮಡಿಕೆ ಮಾಡಿದ ರಸೀದಿ. ಬಿಡಿಸಿ ನೋಡಿದೆ. ಮೇಲೆ ಯಾವುದೋ ಎಜುಕೇಷನ್ ಕನ್ಸಲ್ಟೆನ್ಸಿಯ ಹೆಸರು. ಕೆಳಗೆ ಕೈಬರಹದಲ್ಲಿ "ಅಡ್ಮಿಷನ್ ಅಡ್ವಾನ್ಸ್, 10,000". ಪಕ್ಕದಲ್ಲಿ ಕಲಸಿಹೋದ ನೇರಳೆ ಬಣ್ಣದ ಸೀಲ್. ಕೋರ್ಸಿನ ಹೆಸರಿಲ್ಲ, ವರ್ಷ ಇಲ್ಲ. ವಿಶ್ವವಿದ್ಯಾಲಯದ ಹೆಸರು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಹುಡುಗನ ಹತ್ತಿರ ಬಣ್ಣದ ಪ್ರಾಸ್ಪೆಕ್ಟಸ್ ಇತ್ತು. ಅದರಲ್ಲಿ ಉತ್ತರ ಭಾರತದ ಒಂದು ಖಾಸಗಿ ವಿಶ್ವವಿದ್ಯಾಲಯದ ಫೋಟೋ. ಬಿ.ಟೆಕ್ ಕಂಪ್ಯೂಟರ್ ಸೈನ್ಸ್, ಶನಿವಾರ ಭಾನುವಾರ ತುಮಕೂರಿನಲ್ಲೇ ಕ್ಲಾಸ್, ಪರೀಕ್ಷೆಯೂ ಇಲ್ಲೇ, ಉಳಿದ ದಿನ ಕೆಲಸ ಮಾಡಿಕೊಳ್ಳಬಹುದು ಎಂದು ಹೇಳಿದ್ದರಂತೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಆ ಆಫೀಸು. ಬಾಕಿ ಹಣ ಹತ್ತು ದಿನದಲ್ಲಿ ಕಟ್ಟಬೇಕಿತ್ತು.

ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಪಟ್ಟಿ ತೆಗೆದು ನೋಡಿದೆ. ಆ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಇತ್ತು! ಅಪ್ಪನ ಮುಖ ಅರಳಿತು. ಈ ಜಾಗದಲ್ಲೇ ಎಷ್ಟೋ ಜನ ಮೋಸ ಹೋಗುವುದು. ಪಟ್ಟಿಯಲ್ಲಿ ಹೆಸರಿದೆ ಅಂದ ಕೂಡಲೇ ಸಮಾಧಾನ ಆಗಿಬಿಡುತ್ತದೆ. ವಿಶ್ವವಿದ್ಯಾಲಯ ನಿಜವಾದದ್ದೇ. ಆದರೆ ತುಮಕೂರಿನ ಎರಡನೇ ಮಹಡಿಯಲ್ಲಿ ಬಿ.ಟೆಕ್ ನಡೆಸುವ ಹಕ್ಕು ಅದಕ್ಕೆ ಇಲ್ಲ.

ಯಾಕೆ ಇಲ್ಲ ಎಂದು ಅವರಿಗೆ ಹೇಳಲು ನನಗೆ ಎರಡು ಭಾನುವಾರ ಬೇಕಾಯಿತು. ಒಂದೇ ಮಾತಿನಲ್ಲಿ ಹೇಳಬಹುದಿತ್ತು, ಆದರೆ ಅವರು ನಂಬುತ್ತಿರಲಿಲ್ಲ. ಕಾಲೇಜಿಗಿಂತ ಯೂನಿವರ್ಸಿಟಿ ದೊಡ್ಡದು ಎಂಬ ಭಾವನೆ ಅವರಲ್ಲಿ ಆಳವಾಗಿ ಕೂತಿತ್ತು. ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಮೂರು ಸರ್ಟಿಫಿಕೇಟು

ಹುಡುಗನ ಸೋದರಮಾವ ತುಮಕೂರಿನಲ್ಲೇ ಇದ್ದಾರೆ. ಎಂಜಿನಿಯರ್, ಈಗ ನಿವೃತ್ತಿಗೆ ಹತ್ತಿರ. ಮೊದಲ ಭಾನುವಾರ ಅವರ ಮನೆಯಲ್ಲಿ ಸೇರಿದೆವು. ನಾನು ಒಂದು ಕೋರಿಕೆ ಇಟ್ಟಿದ್ದೆ: ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಶ್ರೀ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರ ಪದವಿ ಪತ್ರ ಇದ್ದರೆ ತಂದಿಡಿ.

ಮೂರು ಸಿಕ್ಕವು. ಮಾವನದ್ದು 1992ರದ್ದು. ಅವರ ಅಣ್ಣನ ಮಗನದ್ದು 2004ರದ್ದು. ಎದುರು ಮನೆ ಹುಡುಗಿಯದ್ದು 2017ರದ್ದು. ಮೂವರೂ ಓದಿದ್ದು ಒಂದೇ ಕಾಲೇಜು. ಆದರೆ ಮಾವನ ಪತ್ರದ ಮೇಲೆ ಬೆಂಗಳೂರು ವಿಶ್ವವಿದ್ಯಾಲಯ ಎಂದಿದೆ. ಅಣ್ಣನ ಮಗನದ್ದರ ಮೇಲೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು). ಹುಡುಗಿಯದ್ದರ ಮೇಲೆ ಶ್ರೀ ಸಿದ್ಧಾರ್ಥ ಅಕಾಡೆಮಿ ಆಫ್ ಹೈಯರ್ ಎಜುಕೇಷನ್. ಮಾವನ ಪತ್ರದ ಮಡಿಕೆಗಳಲ್ಲಿ ಹಾಳೆ ಹಳದಿಯಾಗಿ ಸೀಳಿತ್ತು. ಸೀಲ್ ಮಾತ್ರ ಗಟ್ಟಿಯಾಗಿ ಕಾಣುತ್ತಿತ್ತು.

ಹುಡುಗ ಮೂರನ್ನೂ ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದ. "ಕಾಲೇಜು ಒಂದೇ ತಾನೇ ಮಾವ? ಯೂನಿವರ್ಸಿಟಿ ಯಾಕೆ ಬೇರೆ ಬೇರೆ?" ಎಂದು ಕೇಳಿದ. ನನಗೆ ಬೇಕಾಗಿದ್ದ ಪ್ರಶ್ನೆ ಅದೇ.

ನಮ್ಮ ಊರಿನ ಶಿಕ್ಷಣದ ಚರಿತ್ರೆ ಆ ಮೂರು ಹಾಳೆಗಳಲ್ಲಿ ಇದೆ. ಶ್ರೀ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಶುರುವಾದದ್ದು 1959ರಲ್ಲಿ. ಕಟ್ಟಿದವರು ಎಚ್.ಎಂ. ಗಂಗಾಧರಯ್ಯ. ಶಾಲೆಯ ಮುಖ ಕಾಣದ ಹಳ್ಳಿ ಮಕ್ಕಳು, ಅದರಲ್ಲೂ ದಲಿತ ಮತ್ತು ಹಿಂದುಳಿದ ಮನೆಗಳ ಮಕ್ಕಳು ಓದಲಿ ಎಂದು ಶುರು ಮಾಡಿದ ಕೆಲಸ. ಬುದ್ಧನ ಹೆಸರನ್ನೇ ಸಂಸ್ಥೆಗೆ ಇಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ, 1979ರಲ್ಲಿ, ಎಂಜಿನಿಯರಿಂಗ್ ಕಾಲೇಜು ಬಂತು. 1988ರಲ್ಲಿ ಅಗಳಕೋಟೆಯಲ್ಲಿ ಮೆಡಿಕಲ್ ಕಾಲೇಜು. ಆಮೇಲೆ ಡೆಂಟಲ್. ಹಳ್ಳಿ ಮಕ್ಕಳ ಶಾಲೆಯಿಂದ ಶುರುವಾದ ಒಂದು ಸಂಸ್ಥೆ ಡಾಕ್ಟರುಗಳನ್ನು ತಯಾರು ಮಾಡುವ ಮಟ್ಟಕ್ಕೆ ಬಂದದ್ದು ಮೂವತ್ತೇ ವರ್ಷದಲ್ಲಿ. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಕಾಲೇಜು ಎಷ್ಟೇ ದೊಡ್ಡದಾದರೂ ಪದವಿ ಕೊಡುವ ಅಧಿಕಾರ ಅದಕ್ಕೆ ಇರುವುದಿಲ್ಲ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡಬೇಕಾದವರು ಶಾಸನದಿಂದ ಹುಟ್ಟಿದ ವಿಶ್ವವಿದ್ಯಾಲಯ, ಇಲ್ಲವೇ ಅದೇ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಕೇಂದ್ರ ಸರ್ಕಾರ ವಿಶ್ವವಿದ್ಯಾಲಯಕ್ಕೆ ಸಮಾನ ಎಂದು ಘೋಷಿಸಿದ 'ಡೀಮ್ಡ್' ಸಂಸ್ಥೆ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಅದಕ್ಕೇ ಮಾವನ ಕಾಲದಲ್ಲಿ ತುಮಕೂರಿನ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೆ ಇದ್ದವು. 1998ರಲ್ಲಿ ವಿಟಿಯು ಹುಟ್ಟಿತು, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಹೋದವು. 2008ರ ಮೇ ತಿಂಗಳಲ್ಲಿ ಸಿದ್ಧಾರ್ಥ ಸಂಸ್ಥೆಗೆ ಡೀಮ್ಡ್ ಸ್ಥಾನ ಸಿಕ್ಕಿತು. ಅಲ್ಲಿಂದ ಅವರ ಪದವಿ ಅವರದೇ.

ಸಿದ್ಧಗಂಗಾ ಮಠದ ಎಂಜಿನಿಯರಿಂಗ್ ಕಾಲೇಜಾದ ಎಸ್‌ಐಟಿಯ ದಾರಿ ಬೇರೆ. ಅದು 1963ರಲ್ಲಿ ಶುರುವಾಯಿತು. 2007ರಲ್ಲಿ ಸ್ವಾಯತ್ತ ಆಯಿತು. ಅಂದರೆ ಪಠ್ಯ ಅವರದ್ದು, ಪರೀಕ್ಷೆ ಅವರದ್ದು, ಆದರೆ ಪದವಿ ಪತ್ರ ವಿಟಿಯುದು. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಕಾಲೇಜುಗಳ ಕಥೆ ಇನ್ನೊಂದು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಆಗುವವರೆಗೆ ಅವೂ ಬೆಂಗಳೂರಿನ ಕೆಳಗೇ ಇದ್ದವು. ಒಂದೇ ಊರಿನಲ್ಲಿ, ಆಟೋದಲ್ಲಿ ಅರ್ಧ ಗಂಟೆಯಲ್ಲಿ ಸುತ್ತಬಹುದಾದಷ್ಟು ಜಾಗದಲ್ಲಿ, ಪದವಿ ಕೊಡುವ ಇಷ್ಟೊಂದು ದಾರಿಗಳಿವೆ. ಅಪ್ಪಂದಿರಿಗೆ ಗೊಂದಲ ಆಗುವುದು ಸಹಜ.

ಇನ್ನು ಖಾಸಗಿ ವಿಶ್ವವಿದ್ಯಾಲಯ. ಇದು ಡೀಮ್ಡ್ ಅಲ್ಲ. ಒಂದು ರಾಜ್ಯದ ಶಾಸನಸಭೆ ಅದಕ್ಕಾಗಿ ಕಾನೂನು ಮಾಡಿ ಹುಟ್ಟಿಸುವಂಥದ್ದು. ಕರ್ನಾಟಕದಲ್ಲಿ ಅಲಯನ್ಸ್, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳಿಗೆ 2010ರಲ್ಲಿ ಹೀಗೆ ಕಾನೂನು ಆಯಿತು. ಇಂಥ ವಿಶ್ವವಿದ್ಯಾಲಯ ಬೇರೆ ಕಾಲೇಜುಗಳನ್ನು ತನ್ನ ಕೆಳಗೆ ಸೇರಿಸಿಕೊಳ್ಳುವ ಹಾಗಿಲ್ಲ. ಹೊರ ರಾಜ್ಯದಲ್ಲಿ ಏಜೆಂಟರ ಮೂಲಕ ಕೇಂದ್ರ ತೆರೆಯುವ ಹಾಗೂ ಇಲ್ಲ.

ಈ ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ. 2002ರಲ್ಲಿ ಛತ್ತೀಸಗಢ ಸರ್ಕಾರ ಒಂದು ಕಾಯ್ದೆ ಮಾಡಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬಾಗಿಲು ತೆರೆದಿತ್ತು. ನೋಡ ನೋಡುತ್ತಲೇ 112 ವಿಶ್ವವಿದ್ಯಾಲಯಗಳು ಎದ್ದವು. ಎಷ್ಟೋ ಕಡೆ ಕಟ್ಟಡವಿಲ್ಲ, ಮೇಷ್ಟ್ರಿಲ್ಲ. ವಿಜ್ಞಾನಿ ಪ್ರೊ. ಯಶ್ ಪಾಲ್ ಸುಪ್ರೀಂ ಕೋರ್ಟಿಗೆ ಹೋದರು. 2005ರ ಫೆಬ್ರುವರಿಯಲ್ಲಿ ಕೋರ್ಟ್ ಆ ಕಾಯ್ದೆಯ ಮುಖ್ಯ ಸೆಕ್ಷನ್ನುಗಳನ್ನು ರದ್ದು ಮಾಡಿತು, ವಿಶ್ವವಿದ್ಯಾಲಯಗಳು ಹೋದವು. ಒಂದು ರಾಜ್ಯದ ಕಾನೂನು ಆ ರಾಜ್ಯದ ಗಡಿ ದಾಟಿ ಕ್ಯಾಂಪಸ್ ತೆರೆಯಲು ಅಧಿಕಾರ ಕೊಡಲಾರದು ಎಂಬುದೂ ಆ ತೀರ್ಪಿನಲ್ಲೇ ಸ್ಪಷ್ಟವಾಯಿತು.

ಅಪ್ಪ ಇದನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು. "ಹಂಗಾದ್ರೆ ಇವರ ಮೇಲೆ ಕೇಸ್ ಹಾಕಿದ್ರೆ ಏನ್ ಶಿಕ್ಷೆ ಆಗ್ತದೆ?" ವಿಶ್ವವಿದ್ಯಾಲಯ ಅಲ್ಲದವರು ಪದವಿ ಕೊಟ್ಟರೆ, ಆ ಹೆಸರು ಬಳಸಿದರೆ, 1956ರ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಬರೆದ ದಂಡ 1,000 ರೂಪಾಯಿವರೆಗೆ. ಒಬ್ಬ ವಿದ್ಯಾರ್ಥಿಯ ಅಡ್ವಾನ್ಸಿನ ಹತ್ತನೇ ಒಂದು ಭಾಗ. ಮೋಸದ ಕೇಸು ಬೇರೆ ಹಾಕಬಹುದು, ನಿಜ. ಆದರೆ ಈ ದಂಡದ ಮೊತ್ತ ಹೇಳುವಾಗ ನನಗೆ ನಾಚಿಕೆಯಾಯಿತು.

ಮಾವ ಹೇಳಿದ್ದು

ಮಾತು ಡೊನೇಷನ್ ಕಡೆ ತಿರುಗಿತು. ಸೀಟು ಅಂದ ಮೇಲೆ ಆ ಮಾತು ಬರದೇ ಇರುವುದಿಲ್ಲ. ಆಗ ಮಾವ ಒಂದು ವಿಷಯ ನೆನಪು ಮಾಡಿದರು. ಅವರು ಎಂಜಿನಿಯರಿಂಗ್ ಮುಗಿಸಿದ ವರ್ಷವೇ ತುಮಕೂರಿನ ಹೆಸರು ದೇಶದ ಎಲ್ಲ ಪೇಪರಿನಲ್ಲೂ ಬಂದಿತ್ತು. ಮೋಹಿನಿ ಜೈನ್ ಪ್ರಕರಣ.

ಆಗ ರಾಜ್ಯ ಸರ್ಕಾರದ 1989ರ ಅಧಿಸೂಚನೆ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಫೀಸ್. ಉಳಿದ ಸೀಟಿಗೆ ಕರ್ನಾಟಕದವರಾದರೆ 25,000 ರೂಪಾಯಿವರೆಗೆ, ಹೊರ ರಾಜ್ಯದವರಾದರೆ 60,000 ರೂಪಾಯಿವರೆಗೆ. ಮೀರತ್ತಿನಿಂದ ಬಂದ ವಿದ್ಯಾರ್ಥಿನಿಗೆ ಅಗಳಕೋಟೆಯ ಮೆಡಿಕಲ್ ಕಾಲೇಜಿನಲ್ಲಿ 60,000 ಕಟ್ಟಲು ಆಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸರ್ಕಾರ ಹೊರಡಿಸಿದ ಆ ಅಧಿಸೂಚನೆಯ ಮೇಲೇ ವಿಚಾರಣೆ ನಡೆಯಿತು. 1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ತೀರ್ಪು ಕೊಟ್ಟರು: ಶಿಕ್ಷಣ ಮೂಲಭೂತ ಹಕ್ಕು, ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ವಸೂಲಿ ಮಾಡುವ ಹೆಚ್ಚಿನ ಹಣ, ಸಂವಿಧಾನಕ್ಕೆ ವಿರುದ್ಧ.

ಮರು ವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟ್ ಇದನ್ನು ತಿದ್ದಿತು. ಹಕ್ಕು 14 ವರ್ಷದವರೆಗೆ ಎಂದಿತು. ಜೊತೆಗೆ ಖಾಸಗಿ ಕಾಲೇಜಿನ ಸೀಟುಗಳನ್ನು ಅರ್ಹತೆ ಮೇಲೆ ತುಂಬುವ ಒಂದು ಯೋಜನೆ ಹಾಕಿಕೊಟ್ಟಿತು. ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಸೆಲ್ ಬಂತು. 2002ರ ಟಿ.ಎಂ.ಎ. ಪೈ ತೀರ್ಪು ಆ ಯೋಜನೆಯನ್ನು ಬದಲಾಯಿಸಿತು, ಆದರೆ ಸಿಇಟಿ ಉಳಿಯಿತು.

ಹುಡುಗನ ಕೈಯಲ್ಲಿ ಇದ್ದ ರ‍್ಯಾಂಕ್ ಪ್ರಿಂಟೌಟ್ ತೋರಿಸಿ ಹೇಳಿದೆ: ನೀನು ಬರೆದ ಈ ಪರೀಕ್ಷೆಯ ಬೇರು ನಮ್ಮೂರಿನ ಕೇಸಿನಲ್ಲಿ ಇದೆ ಕಣೋ. ಈ ರ‍್ಯಾಂಕ್ ಅರವತ್ತು ಸಾವಿರ ಇರಲಿ, ಎಂಬತ್ತು ಸಾವಿರ ಇರಲಿ, ಅದಕ್ಕೆ ಬೆಲೆ ಇದೆ. ಆ ಹತ್ತು ಸಾವಿರದ ರಸೀದಿಗೆ ಇಲ್ಲ.

ಅವನು ಅಲ್ಲಿಯವರೆಗೆ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಹಂತದಲ್ಲಿ, ಒಂದು ಕಾಲೇಜನ್ನೂ ತುಂಬುವ ಯೋಚನೆ ಮಾಡಿರಲಿಲ್ಲ. ಏಜೆಂಟರು "ಸಿಇಟಿ ನಂಬಿಕೊಂಡು ಕೂರಬೇಡ" ಎಂದಿದ್ದರಂತೆ.

ಕೋರ್ಸಿನ ಒಳಗೆ

ಎರಡನೇ ಭಾನುವಾರದ ಮಾತು ಕೋರ್ಸುಗಳದ್ದು. ಸೀಲ್ ಯಾರದು ಎಂದು ಗೊತ್ತಾದರೆ ಸಾಲದು, ಅದರಿಂದ ಓದಿನಲ್ಲಿ ಏನು ವ್ಯತ್ಯಾಸ ಎಂದೂ ತಿಳಿಯಬೇಕು. ಎದುರು ಮನೆ ಹುಡುಗಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು.

ವಿಟಿಯು ಕೆಳಗಿನ ಸಾಮಾನ್ಯ ಕಾಲೇಜಿನಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಸ್ಕೀಮ್, ಒಂದೇ ಪ್ರಶ್ನೆಪತ್ರಿಕೆ. ಹಳೇ ಪ್ರಶ್ನೆಪತ್ರಿಕೆ, ನೋಟ್ಸ್ ಜೆರಾಕ್ಸ್ ಅಂಗಡಿಯಲ್ಲೇ ಸಿಗುತ್ತವೆ. ಪಾಠ ಮಾಡಿದವರು ಒಬ್ಬರು, ಪೇಪರ್ ತೆಗೆದವರು ಇನ್ನೊಬ್ಬರು. ಸ್ವಾಯತ್ತ ಕಾಲೇಜಿನಲ್ಲಿ, ಡೀಮ್ಡ್ ಸಂಸ್ಥೆಯಲ್ಲಿ ಪಠ್ಯವನ್ನು ಅಲ್ಲಿನವರೇ ರೂಪಿಸುತ್ತಾರೆ. ಹೊಸ ವಿಷಯ ಬೇಗ ಸೇರಿಸಬಹುದು. ರಿಸಲ್ಟ್ ಬೇಗ ಬರುತ್ತದೆ. ಆದರೆ ಆ ಸ್ವಾತಂತ್ರ್ಯದ ಗುಣ ಅಲ್ಲಿನ ಮೇಷ್ಟ್ರುಗಳ ಗುಣದ ಮೇಲೆ ನಿಂತಿದೆ. ಹೊರಗಿನಿಂದ ಬಂದು ಪರೀಕ್ಷಿಸುವವರು ಕಡಿಮೆ. ಹಾಗಾಗಿ ಕೋರ್ಸಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎ ಮಾನ್ಯತೆ ಇದೆಯಾ ಎಂದು ನೋಡಬೇಕು. ನ್ಯಾಕ್ ಗ್ರೇಡ್ ಇಡೀ ಸಂಸ್ಥೆಗೆ ಕೊಡುವುದು, ಎನ್‌ಬಿಎ ಒಂದೊಂದು ಕೋರ್ಸಿಗೆ. ಸಂಸ್ಥೆಗೆ ಒಳ್ಳೇ ಗ್ರೇಡ್ ಇದ್ದರೂ ನೀವು ಸೇರುವ ಬ್ರಾಂಚಿಗೆ ಎನ್‌ಬಿಎ ಇಲ್ಲದೇ ಇರಬಹುದು.

ಮೆಡಿಕಲ್ಲಿನಲ್ಲಿ ಈ ಸ್ವಾತಂತ್ರ್ಯ ಕಡಿಮೆ. ಡೀಮ್ಡ್ ಆದರೂ ಎಂಬಿಬಿಎಸ್ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ಪಠ್ಯದ ಚೌಕಟ್ಟು ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು, ಪ್ರವೇಶ ನೀಟ್ ಮೂಲಕ.

ದೂರಶಿಕ್ಷಣದ ಮಾತು ಬಂದಾಗ ಹುಡುಗ ಮಧ್ಯೆ ಬಾಯಿ ಹಾಕಿದ. "ಸಾರ್, ಶನಿವಾರ ಭಾನುವಾರ ಕ್ಲಾಸ್ ಇದ್ರೆ ಅದು ರೆಗ್ಯುಲರ್ ಆಗಲ್ವಾ?" ಆಗುವುದಿಲ್ಲ. ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವೇ ಇಲ್ಲ. ಇದನ್ನು ಕಡೆಗಣಿಸಿದವರ ಕಥೆ ಅವನಿಗೆ ಹೇಳಿದೆ. ಕೆಲವು ಡೀಮ್ಡ್ ಸಂಸ್ಥೆಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದವು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. 2001ರಿಂದ 2005ರವರೆಗೆ ಸೇರಿದವರ ಪದವಿ ಅಮಾನತಾಯಿತು, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ನಡೆಸುವ ಪರೀಕ್ಷೆ ಪಾಸಾದರೆ ಮಾತ್ರ ಉಳಿಯುವಂತಾಯಿತು. ಆಮೇಲೆ ಸೇರಿದವರ ಪದವಿ ರದ್ದು. ಹತ್ತು ಹನ್ನೆರಡು ವರ್ಷ ಕೆಲಸ ಮಾಡಿದವರು, ಆ ಪದವಿ ಮೇಲೆ ಬಡ್ತಿ ಪಡೆದವರು ಮತ್ತೆ ಪರೀಕ್ಷಾ ಹಾಲ್‌ನಲ್ಲಿ ಕೂರಬೇಕಾಯಿತು. ಅದೇ ತಿಂಗಳು ಯುಜಿಸಿ ಡೀಮ್ಡ್ ಸಂಸ್ಥೆಗಳಿಗೆ ಹೆಸರಿನಲ್ಲಿ 'ಯೂನಿವರ್ಸಿಟಿ' ಎಂದು ಬಳಸಬೇಡಿ ಎಂದು ಹೇಳಿತು. ಈಗ ಅವುಗಳ ಹೆಸರಿನ ಮುಂದೆ 'ಡೀಮ್ಡ್ ಟು ಬಿ ಯೂನಿವರ್ಸಿಟಿ' ಎಂದು ಕಾಣುವುದು ಅದಕ್ಕೇ.

ಇದನ್ನು ಕೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊಹರು ಯಾರದ್ದಾದ್ರೂ ಸಾಲ ನಂದೇ ಅಲ್ವಾ ಮೇಷ್ಟ್ರೇ" ಎಂದರು.

ಆ ಮಾತು ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು. ಎರಡು ವಾರ ನಾನು ಕಾನೂನು, ಚರಿತ್ರೆ, ಪಠ್ಯ ಎಂದು ಮಾತಾಡಿದ್ದೆ. ಅವರು ಆ ಎರಡನೇ ಮಹಡಿ ಹತ್ತಿದ್ದು ಕಾನೂನು ಗೊತ್ತಿಲ್ಲದೆ ಮಾತ್ರ ಅಲ್ಲ. ಮಗ ವಾರದಲ್ಲಿ ಐದು ದಿನ ದುಡಿಯಬಹುದು, ಹಾಸ್ಟೆಲ್ ಬೇಡ, ಬಸ್ ಚಾರ್ಜ್ ಬೇಡ ಎಂಬ ಲೆಕ್ಕ ಅದರ ಹಿಂದೆ ಇತ್ತು. ಆ ವರ್ಷ ಅವರ ತೋಟದಲ್ಲಿ ಕಾಯಿ ಕಮ್ಮಿ, ಕೊಬ್ಬರಿ ರೇಟು ಬಿದ್ದಿತ್ತು. ನಾನು ಆ ಲೆಕ್ಕವನ್ನು ಮೊದಲೇ ಕೇಳಬೇಕಿತ್ತು. ಕೇಳಿರಲಿಲ್ಲ.

ಅವತ್ತು ಸಂಜೆ ಒಂದು ಹಾಳೆ ತೆಗೆದುಕೊಂಡು ಕೂತೆವು. ಡೀಮ್ಡ್ ಸೀಟಿಗೆ ಏನು, ಸಿಇಟಿ ಸೀಟಿಗೆ ಏನು, ಬಿಸಿಎಗೆ ಏನು. ಹುಡುಗ ಮತ್ತು ಮಾವ ಮಾರನೇ ದಿನ ಮರಳೂರಿನ ಕಾಲೇಜಿಗೂ, ಬಿ.ಎಚ್. ರಸ್ತೆಯ ಕಾಲೇಜಿಗೂ ಹೋಗಿ ಆಫೀಸಿನಲ್ಲೇ ಕೇಳಿ ಬರೆದುಕೊಂಡು ಬಂದರು. ಪೂರ್ತಿ ಕೋರ್ಸಿನ ಫೀಸ್, ಪರೀಕ್ಷೆ ಫೀಸ್, ಬಸ್, ಪುಸ್ತಕ, ಎಲ್ಲ. ಮೊದಲ ವರ್ಷದ್ದು ಮಾತ್ರ ಕೇಳಿಕೊಂಡು ಬರುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಇವರು ನಾಲ್ಕು ವರ್ಷದ್ದೂ ಬರೆದುಕೊಂಡು ಬಂದಿದ್ದರು. ಆ ಹಾಳೆ ನೋಡಿದ ಮೇಲೆ ಮಾತು ಬಹಳ ಬೇಕಾಗಲಿಲ್ಲ.

ಸಿಇಟಿಯಲ್ಲಿ ಹುಡುಗ ಹದಿನೆಂಟು ಆಪ್ಷನ್ ತುಂಬಿದ. ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ದೂರದ ಊರಿನ ಸಿವಿಲ್, ಅದನ್ನು ಬಿಟ್ಟ. ಮುಂದಿನ ಸುತ್ತಿನಲ್ಲಿ ನಮ್ಮ ಜಿಲ್ಲೆಯಲ್ಲೇ ವಿಟಿಯು ಕೆಳಗಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಕಂಪ್ಯೂಟರ್ ಸೈನ್ಸ್ ಅಲ್ಲ ಎಂದು ಎರಡು ದಿನ ಸಪ್ಪಗಿದ್ದ. ಲ್ಯಾಬಿನಲ್ಲಿ ಸರ್ಕ್ಯೂಟ್ ಕೊಟ್ಟರೆ ಊಟ ಮರೆಯುತ್ತಿದ್ದ ಹುಡುಗ ಅವನು. ಅದನ್ನು ನೆನಪಿಸಿದೆ. ಸೇರಿದ. ಊರಿನಿಂದ ಬಸ್ಸಿನಲ್ಲಿ ಓಡಾಡುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋಯಿತು, ಮತ್ತೆ ಬರೆದು ಪಾಸಾದ.

ಅಡ್ವಾನ್ಸ್ ವಾಪಸ್ ತರಲು ನಾನೂ ಅವರ ಜೊತೆ ಹೋಗಿದ್ದೆ. ಮೂರು ಸಲ ಆ ಮೆಟ್ಟಿಲು ಹತ್ತಿದೆವು. ಮೊದಲ ಸಲ "ನಾನ್ ರಿಫಂಡಬಲ್" ಎಂದರು. ಎರಡನೇ ಸಲ ಆಫೀಸಿಗೆ ಬೀಗ. ಮೂರನೇ ಸಲ ಯುಜಿಸಿಯ ಅನುಮತಿ ಪತ್ರ ತೋರಿಸಿ ಎಂದು ಬರವಣಿಗೆಯಲ್ಲಿ ಕೇಳಿದೆ. ಆ ಪತ್ರದ ಒಂದು ಪ್ರತಿಗೆ ಸಹಿ ಹಾಕಿಕೊಡಿ ಎಂದೂ ಕೇಳಿದೆ. ಸಹಿ ಹಾಕಲಿಲ್ಲ. ಡ್ರಾಯರ್ ತೆಗೆದು ಆರು ಸಾವಿರ ಎಣಿಸಿ ಕೊಟ್ಟರು, ಉಳಿದದ್ದು ಮುಂದಿನ ವಾರ ಎಂದರು. ದುಡ್ಡು ಕೊಟ್ಟ ಮೇಲೆ ರಸೀದಿ ವಾಪಸ್ ಕೇಳಿದರು. ಅಪ್ಪ ಕೊಡಲು ಹೊರಟಿದ್ದರು, ನಾನು ಬೇಡ ಎಂದೆ.

ಉಳಿದ ನಾಲ್ಕು ಸಾವಿರ ಇನ್ನೂ ಬಂದಿಲ್ಲ. ರಸೀದಿ ಅದೇ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಸ್ಟಾಫ್ ರೂಮಿನ ಬೀರುವಿನಲ್ಲಿದೆ.